ಬಲಕ್ಕ ಯಾರು?

ದೆವ್ವ, ಶಕುನ, ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಮುಟ್ಟುವುದು ಇಂಥ ಮಾತು ಬಂದರೆ ನಗುವವರ ಪೈಕಿ ನಾನು. ಬ್ಯಾಂಕಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಯಾರಾದರೂ ತಮ್ಮ ಮನೆಯ ಇಂಥದೊಂದು ಕಥೆ ತೆಗೆದರೆ, ಹಿಂದಿನ ರಾತ್ರಿ ಏನು ತಿಂದಿದ್ದಿರಿ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವೂ ಅದೇ ಪ್ರಶ್ನೆ ಕೇಳಬಹುದು. ಕೇಳಿ, ಬೇಜಾರಿಲ್ಲ.

ನಾವು ಗದಗಿನ ಕಡೆಯವರು. ನಮ್ಮ ಮನೆಯವರು ನೌಕಾಪಡೆಯಲ್ಲಿದ್ದುದರಿಂದ ಮದುವೆಯಾದ ಮೇಲೆ ವಿಶಾಖಪಟ್ಟಣವೇ ನಮ್ಮ ಊರಾಯಿತು. ನನಗೆ ಬ್ಯಾಂಕಿನಲ್ಲಿ ಬಡ್ತಿ ಕೊಟ್ಟು ವಿಜಯವಾಡಕ್ಕೆ ಎತ್ತಿ ಹಾಕಿದಾಗ ಮಗಳು ಪಲ್ಲವಿ ಇನ್ನೂ ಎರಡನೇ ಕ್ಲಾಸು. ಅವಳಪ್ಪನಿಗೆ ಆಗ ಹಡಗು ಬಿಟ್ಟು ದಡದ ಮೇಲಿನ ಡ್ಯೂಟಿ. ನಡುವೆ ಶಾಲೆ ಬಿಡಿಸುವುದು ಬೇಡವೆಂದು ಅವಳನ್ನು ಅಪ್ಪನ ಹತ್ತಿರವೇ ಬಿಟ್ಟು, ನಾನು ಗವರ್ನರ್‌ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮನೆಯನ್ನು ಬಾಡಿಗೆಗೆ ಹಿಡಿದೆ. ಬರುವಾಗ ಮನೆಯ ಹಳೆಯ ಕಂಪ್ಯೂಟರನ್ನೂ ಹೊತ್ತು ತಂದಿದ್ದೆ. ಅದರಲ್ಲಿ ಪಲ್ಲವಿಯ ಕಾರಿನ ಆಟವಿತ್ತು. ಅದಿದ್ದರೆ ರಜೆ ಬಂದಾಗಲೆಲ್ಲ ಹುಡುಗಿ ಇಲ್ಲಿಗೆ ಓಡಿಬರುತ್ತಾಳೆ ಎಂಬುದು ನನ್ನ ಲೆಕ್ಕಾಚಾರ.

ಅದು ಆಗಲೇ ಹಳತಾಗಿದ್ದ ಆಟ. ಮೊಲ, ಕರಡಿ, ಬಾತುಕೋಳಿಗಳು ದೊಡ್ಡ ದೊಡ್ಡ ತಲೆ ಇಟ್ಟುಕೊಂಡು ಪುಟ್ಟ ಕಾರುಗಳಲ್ಲಿ ಕೂತು ಪಂದ್ಯ ಓಡುತ್ತವೆ. ನನ್ನದು ಯಾವಾಗಲೂ ಮೊಲ. ನಾನು ಕೀಲಿ ಒತ್ತುವುದು, ಪಲ್ಲವಿ ಪಕ್ಕದಲ್ಲಿ ನಿಂತು ದಾರಿ ಹೇಳುವುದು. ಹೇಳುವುದೆಲ್ಲ ತೆಲುಗಿನಲ್ಲಿ. ಪಕ್ಕದ ಮನೆಯ ತೆಲುಗು ಅಜ್ಜಿ, ಅಮ್ಮಮ್ಮಗಾರು, ಅವಳಿಗೆ ಅನ್ನ ಕಲಸಿ ಕೊಡುತ್ತ, ಎಡಗೈಯಲ್ಲಿ ತಿನ್ನಬೇಡವೆಂದು ಗದರುತ್ತ, ಎಡಕ್ಕೆ 'ಎಡಮ', ಬಲಕ್ಕೆ 'ಕುಡಿ' ಎಂದು ಕಲಿಸಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ತಮಾಷೆ ನಡೆಯುತ್ತಿತ್ತು. ಮಗಳು "ಕುಡಿ, ಕುಡಿ" ಎಂದು ಕೂಗಿದಾಗಲೆಲ್ಲ ಅವಳಪ್ಪ ಗಂಭೀರವಾಗಿ ನೀರಿನ ಲೋಟ ಎತ್ತಿ ಕುಡಿಯುತ್ತಿದ್ದರು. ಅವಳು ಸಿಟ್ಟಿಗೆದ್ದು ಅವರ ಬಲಗೈ ಹಿಡಿದು ಜಗ್ಗುತ್ತಿದ್ದಳು. ಅಪ್ಪ ಮಗಳ ಈ ಆಟದಲ್ಲಿ ಅವಳ ಕನ್ನಡ ದಿನದಿನಕ್ಕೆ ಸವೆಯುತ್ತಿರುವುದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಆದರೆ ನಾವು ದೊಡ್ಡವರೂ ಆ ಊರಿನಲ್ಲಿ ಲೆಫ್ಟು ರೈಟು ಅನ್ನುವವರೇ, ಅವಳನ್ನು ಅಂದು ಏನು ಪ್ರಯೋಜನ?

ಆ ಶನಿವಾರ ಅಪ್ಪ ಮಗಳು ಕಾರಿನಲ್ಲಿ ವಿಜಯವಾಡಕ್ಕೆ ಹೊರಟರು. ಅವರು ಹಿಂದಿನ ರಾತ್ರಿಯ ಪಾಳಿ ಮುಗಿಸಿ ಬಂದವರು, ಸರಿಯಾಗಿ ಮಲಗಿರಲಿಲ್ಲ. ನಾಳೆ ಬನ್ನಿ ಎಂದು ಫೋನಿನಲ್ಲಿ ಹೇಳಿದೆ. ಪಲ್ಲವಿ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಇನ್ನು ಒಳಗೆ ಬರುವ ಪೈಕಿ ಅಲ್ಲ ಎಂದು ನಕ್ಕರು. ಕಾರು ನಡೆಸುವಾಗ ಫೋನು ಮಾಡಕೂಡದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಆದ್ದರಿಂದ ನನಗೆ ಉಳಿದದ್ದು ಕಾಯುವುದೊಂದೇ.

ಮಧ್ಯಾಹ್ನದಿಂದಲೇ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಮಾಡಿ ಮುಚ್ಚಿಟ್ಟೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಬಾಲ್ಕನಿಗೆ ಬಂದು ನೋಡಿದರೆ ಕೆಳಗೆ ಆಟೋಗಳು, ಜನ, ಅಂಗಡಿಯವರ ಕೂಗು, ಎಲ್ಲ ದಿನದಂತೆಯೇ. ನಿದ್ದೆಗೆಟ್ಟ ಮನುಷ್ಯ, ಹಿಂದಿನ ಸೀಟಿನಲ್ಲಿ ಮಗು. ಬೇಡ ಬೇಡವೆಂದರೂ ಮನಸ್ಸು ಅಲ್ಲಿಗೇ ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ದೇವರ ಮುಂದೆ ಕೈ ಮುಗಿದರೂ ಸಮಾಧಾನವಾಗದೆ, ಕಡೆಗೆ ಕಂಪ್ಯೂಟರ್ ಹಾಕಿ ಆ ಆಟ ಆಡುತ್ತ ಕೂತೆ.

ಆಟದಲ್ಲಿ ಒಂದು ಸೇತುವೆ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ಕೆರೆಯ ದಂಡೆ, ಬಲಕ್ಕೆ ಗುಡ್ಡ. ಎಡದ ದಾರಿ ಹತ್ತಿರದ್ದು, ನಾನು ಯಾವಾಗಲೂ ಹೋಗುವುದು ಅದರಲ್ಲೇ. ಅವತ್ತೂ ಮೊಲ ಸೇತುವೆ ದಾಟಿತು. ಪರದೆಯ ಮೇಲೆ ಹೊಸದೇನೂ ಇರಲಿಲ್ಲ. ಇದ್ದಕ್ಕಿದ್ದಂತೆ ನನ್ನ ಬಾಯಿ ತಾನಾಗಿ ತೆರೆಯಿತು.

"ಬಲಕ್ಕ ತಿರುಗ್ರಿ!"

ಕೆಳಗಿನ ಅಂಗಡಿಯವರಿಗೂ ಕೇಳಿಸಿರಬೇಕು, ಅಷ್ಟು ಜೋರಾಗಿ ಕೂಗಿದ್ದೆ. ಆದರೆ ಬೆರಳು ರೂಢಿಯಂತೆ ಎಡದ ಕೀಲಿಯನ್ನೇ ಒತ್ತಿತ್ತು. ಮೊಲ ಕೆರೆಯ ದಂಡೆ ಹಿಡಿದು ಆರಾಮಾಗಿ ಹೊರಟುಹೋಯಿತು. ನನಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಬಲಕ್ಕ ಎಂಬ ಮಾತು ನನ್ನ ಬಾಯಿಯಿಂದ ಹೊರಟು ಎಷ್ಟೋ ಕಾಲವಾಗಿತ್ತು. ಅದೂ ಹೋಗಲಿ, ಕಾರ್ಟೂನ್ ಮೊಲಕ್ಕೆ ಯಾರಾದರೂ 'ತಿರುಗ್ರಿ' ಎಂದು ಬಹುವಚನ ಹಚ್ಚುತ್ತಾರೆಯೇ? ನಾನು ಹಾಗೆ ಮಾತಾಡುವುದು ಒಬ್ಬರ ಹತ್ತಿರ ಮಾತ್ರ. ಕಂಪ್ಯೂಟರ್ ಹಾಗೆಯೇ ಬಿಟ್ಟು ಎದ್ದುಹೋಗಿ ಬಾಲ್ಕನಿಯಲ್ಲಿ ನಿಂತೆ.

ಬಹಳ ಹೊತ್ತಿನ ಮೇಲೆ ಕಾರು ಬಂತು. ಅವರು ಸಾಮಾನು ಇಳಿಸುತ್ತಿರುವಾಗಲೇ ಪಲ್ಲವಿ ಕಣ್ಣುಜ್ಜಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದು, ನನ್ನನ್ನು ದಾಟಿ ಒಳಗೆಲ್ಲ ಇಣುಕಿ ನೋಡಿದಳು.

"ಅಮ್ಮಾ, ಬಲಕ್ಕ ಎವರು?" ಎಂದಳು. ಎವರು ಎಂದರೆ ಯಾರು.

ವಿಶಾಖಪಟ್ಟಣದ ಅಪಾರ್ಟ್‌ಮೆಂಟಿನ ತುಂಬ ಅವಳಿಗೆ ಅಕ್ಕಂದಿರು. ಅವರಲ್ಲೊಬ್ಬಳಿರಬೇಕು ಎಂದುಕೊಂಡೆ. ನಂಬಿ, ಆ ಗಳಿಗೆಯಲ್ಲಿ ನನ್ನ ಮಾತೇ ನನಗೆ ಗುರುತು ಸಿಗಲಿಲ್ಲ. ಅವಳನ್ನು ಕೈಕಾಲು ತೊಳೆಯಲು ಕಳಿಸಿ ಕೆಳಗಿಳಿದೆ.

ಅವರು ಕಾರಿಗೆ ಒರಗಿ ನಿಂತಿದ್ದರು. ಏಲೂರು ಹತ್ತಿರ ಬಂದಾಗ, ಮಬ್ಬುಗತ್ತಲೆಯಲ್ಲಿ, ರೆಪ್ಪೆ ಒಂದು ಕ್ಷಣ ಕೂಡಿಬಿಟ್ಟಿತಂತೆ. ಮುಂದೆ ಕಬ್ಬಿಣದ ಸರಳು ತುಂಬಿದ ಲಾರಿ, ದೀಪವಿಲ್ಲದೆ ರಸ್ತೆಯಲ್ಲೇ ಕೆಟ್ಟು ನಿಂತಿತ್ತಂತೆ. ಸರಳುಗಳು ಹಿಂದಕ್ಕೆ ಚಾಚಿಕೊಂಡಿದ್ದವಂತೆ.

"ನಿನ್ನ ಮಗಳು ಉಳಿಸಿದ್ಲು ನೋಡು ಇವತ್ತ," ಎಂದರು. "ಹಿಂದಿನಿಂದ ಒದರಿದ್ಲು. ನಾ ಸ್ಟೇರಿಂಗ್ ಎಳದೆ. ಇಲ್ಲಾಂದ್ರ ಇಬ್ಬರೂ ಇರ್ತಿದ್ದಿಲ್ಲ."

ಕುಡಿ ಅಂದಳೇ ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ.

"ಇಲ್ಲ. ಅದೇ ಹೇಳಾಕತ್ತೀನಿ. ಸ್ವಚ್ಛ ಕನ್ನಡದಾಗ, ಬಲಕ್ಕ ತಿರುಗ್ರಿ ಅಂದ್ಲು. ನಮ್ಮವ್ವನ ಸೊಸಿ ಹಂಗ."

ಅವ್ವನ ಸೊಸೆ ಎಂದರೆ ನಾನು. ಎಂಥ ಹೊತ್ತಿನಲ್ಲೂ ಚೇಷ್ಟೆ ಬಿಡದ ಮನುಷ್ಯ. ಮಗಳ ಬಾಯಲ್ಲಿ ಕನ್ನಡ ಬಂತೆಂದು ಅವರಿಗೆ ಆ ಭಯದಲ್ಲೂ ಹೆಮ್ಮೆ. ನಾನು ಕಾರಿನ ಬಾಗಿಲು ಹಿಡಿದು ನಿಂತುಕೊಂಡೆ. ಎಷ್ಟು ಹೊತ್ತಿಗೆ ನಾನು ಕೂಗಿದ್ದು, ಎಷ್ಟು ಹೊತ್ತಿಗೆ ಅವರಿಗೆ ಕೇಳಿದ್ದು? ಇಬ್ಬರೂ ಗಡಿಯಾರ ನೋಡಿರಲಿಲ್ಲ. ಎರಡೂ ದೀಪ ಹಚ್ಚುವ ಹೊತ್ತು, ಅಷ್ಟೇ ಗೊತ್ತು.

ಊಟಕ್ಕೆ ಬಡಿಸುತ್ತ ಪಲ್ಲವಿಯನ್ನು ಮೆಲ್ಲಗೆ ಕೇಳಿದೆ, ಕಾರಿನಲ್ಲಿ ನೀನು ಏನೆಂದು ಕೂಗಿದೆ ಎಂದು. ತಾನು ಮಲಗಿದ್ದೆ, ಕೂಗಲೇ ಇಲ್ಲ ಎಂದಳು. ಹಾಗಾದರೆ ಬಲಕ್ಕ ಎಂದು ಯಾರು ಅಂದರು ಎಂದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ನೀನೇ ಕರದಿ ಕದಾ, ಅಮ್ಮಾ."

ಅಲ್ಲವೇ ಎನ್ನುವುದಕ್ಕೆ ಅವಳು 'ಕದಾ' ಎನ್ನುತ್ತಾಳೆ. ನಿದ್ದೆಯಲ್ಲಿ ನನ್ನ ದನಿ ಕೇಳಿ, ನಾನು ಯಾರೋ ಬಲಕ್ಕನನ್ನು ಕರೆಯುತ್ತಿದ್ದೇನೆ ಎಂದುಕೊಂಡಿದ್ದಳು.

ಅವರಿಗೆ ಈ ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ದಾರಿ ಹೇಳಿದ್ದೀಯಲ್ಲ, ಆ ದನಿ ತಲೆಯೊಳಗೆ ಕೂತುಬಿಟ್ಟಿದೆ ಎಂದರು. ಇರಬಹುದು. ಹಾಗೆ ಕೇಳಿಸಿದ ಮಾತನ್ನೇ ಅವರು ಬಾಯಿಬಿಟ್ಟು ಆಡಿ, ಮಗಳು ಅದನ್ನು ಅರೆನಿದ್ದೆಯಲ್ಲಿ ಕೇಳಿರಬಹುದು. ಆದರೆ ಇಲ್ಲಿ, ಗವರ್ನರ್‌ಪೇಟೆಯ ಖಾಲಿ ಮನೆಯಲ್ಲಿ, ನಾನೇಕೆ ಅದೇ ಮಾತನ್ನು ಕೂಗಿದೆ?

ಈಗ ನಾವು ಮೂವರೂ ವಿಶಾಖಪಟ್ಟಣದಲ್ಲೇ ಇದ್ದೇವೆ. ಆ ಕಂಪ್ಯೂಟರ್ ಅಟ್ಟ ಸೇರಿದೆ. ಪಲ್ಲವಿ ಸ್ಕೂಟಿಯಲ್ಲಿ ಮಧುರವಾಡದ ಕಾಲೇಜಿಗೆ ಹೋಗಿಬರುತ್ತಾಳೆ. ಅವಳು ತಡವಾಗಿ ಬರುವ ದಿನ ನನಗೆ ಮತ್ತೆ ಅದೇ ಚಡಪಡಿಕೆ. ಇನ್ನೊಮ್ಮೆ ಅಂಥ ಹೊತ್ತು ಬಂದರೆ ನನ್ನ ಬಾಯಿಂದ ಹೊರಡುವುದು ಗದಗಿನ ಮಾತೇ ಎಂದು ಗೊತ್ತು, ಅದು ಅವಳಿಗೆ ತಿಳಿಯದೆ ಹೋದರೆ ಎಂಬ ಭಯ. ಇಂಥದನ್ನು ನಂಬುತ್ತೀರಾ ಎಂದು ನೀವು ಕೇಳಿದರೆ ಇವತ್ತಿಗೂ ಹೌದೆನ್ನಲಾರೆ. ಆದರೂ ದಿನಾ ಬೆಳಿಗ್ಗೆ ಅವಳು ಹೆಲ್ಮೆಟ್ ಹಾಕಿಕೊಳ್ಳುವಾಗ ಬಾಗಿಲಿಗೆ ಬಂದು, ಬಲಕ್ಕ ಯಾವ ಕಡೆ ಎಂದು ಕೇಳುತ್ತೇನೆ. ಅವಳು ನಗುತ್ತ ಬಲಗೈ ಎತ್ತಿ ತೋರಿಸುತ್ತಾಳೆ. ಆಮೇಲೆಯೇ ನಾನು ಗೇಟು ತೆಗೆಯುವುದು.