ಅಟ್ಟದ ಮೇಲಿನ ಕಾಯಿ

ಅವನ ಬಲಗೈ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇರಲಿಲ್ಲ. ತೆಂಗಿನಕಾಯಿ ಸುಲಿದು ಸುಲಿದು ಸವೆದುಹೋಗಿತ್ತು. ಸಿಪ್ಪೆಯ ಕಂದು ಬಣ್ಣ ಚರ್ಮದೊಳಕ್ಕೇ ಇಳಿದಿತ್ತು. ಜನತಾ ಮನೆಯ ಅರ್ಜಿಗೆ ನಾನು ಮೂರು ಸಲ ಮಸಿ ಹಚ್ಚಿ ಒತ್ತಿಸಿದರೂ ಕಾಗದದ ಮೇಲೆ ಮೂಡಿದ್ದು ಬರೀ ಒಂದು ಕಪ್ಪು ಮಚ್ಚೆ. "ದ್ಯಾವ್ರು ನಂಗೆ ಗೆರೆ ಎಳೆಯೋದ್ನೇ ಮರ್ತವ್ನೆ ಕಣವ್ವ" ಎಂದು ನಕ್ಕಿದ್ದ.

ಕಿಬ್ಬನಹಳ್ಳಿ ಕಡೆಯ ನಮ್ಮೂರಲ್ಲಿ ಅವನು ನಮ್ಮ ಮನೆಯ ಕಾಯಿ ಸುಲಿಯುವವನು. ನಾನು ಅಣ್ಣ ಅನ್ನುತ್ತಿದ್ದೆ. ನಮ್ಮಲ್ಲಿ ಕಾಯಿ ಅಟ್ಟದ ಮೇಲೆ ವರ್ಷ ಒಪ್ಪತ್ತು ಮಲಗಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಂಡಾಗಬೇಕು. ಅವನು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. "ಇನ್ನೂ ನೀರೈತೆ, ಮಲಗ್ಲಿ ಬುಡಿ" ಎಂದರೆ ಮುಗಿಯಿತು, ಅಪ್ಪ ಎಷ್ಟು ಅವಸರ ಮಾಡಿದರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಕಾಫಿ ಕೊಟ್ಟರೆ ತಾನೇ ಕೆರೆದು ನುಣುಪು ಮಾಡಿಕೊಂಡ ಕರಟದಲ್ಲಿ ಕುಡಿಯುತ್ತಿದ್ದ. ಅದು ಅವನ ಇಷ್ಟ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಗೆಂದು ಮನೆಯಲ್ಲಿ ಕೂತಿದ್ದ ವರ್ಷ ಸರ್ಕಾರದ ಸಾಲದ ಮನೆಗಳ ಪಟ್ಟಿ ತಯಾರಾಗುತ್ತಿತ್ತು. ಜಮೀನು ಇರಬಾರದು, ತೋಟ ಇರಬಾರದು, ಹೆಂಚಿನ ಮನೆ ಇರಬಾರದು. ಅಣ್ಣನಿಗೆ ಇದ್ದದ್ದು ಗರಿ ಹೊದಿಸಿದ ಮಣ್ಣುಗೋಡೆಯ ಗುಡಿಸಲು. ಆಸ್ತಿ ಎಂಬಲ್ಲಿ "ಇಲ್ಲ" ಎಂದು ನಾನೇ ದುಂಡಗೆ ಬರೆದೆ. ಅವನ ಹೆಂಡತಿ ದಿನಾ ಬಂದು ಒಂದೇ ಮಾತು ಕೇಳುತ್ತಿದ್ದಳು: "ಆ ಮನೆ ಬಾಗ್ಲಿಗೆ ಚಿಲ್ಕ ಇರ್ತದಾ, ಅವ್ವ?"

ಅದೇ ವರ್ಷ ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಿನ ಜಗಳ ಹತ್ತಿತ್ತು. ಪಾಲಾಗುವ ಮೊದಲೇ ಅಪ್ಪ ಒಂದು ಕೊಯ್ಲಿನ ಕಾಯನ್ನು ಸದ್ದಿಲ್ಲದೆ ಅಣ್ಣನ ಗುಡಿಸಲಿನ ಅಟ್ಟಕ್ಕೆ ಸಾಗಿಸಿದರು. ಸೌದೆ ಒಟ್ಟಲು ಮಾಡಿದ ಅಟ್ಟ ಅದು, ಭಾರಕ್ಕೆ ಬಾಗಿತ್ತು. "ಯಾರು ಕೇಳಿದರೂ ನನ್ನ ಹೆಸರು ಬರಬಾರದು. ಮಗಳ ಮದುವೆಗೆ ಕಣಯ್ಯ" ಎಂದು ಮಾತು ತೆಗೆದುಕೊಂಡರು. ಆ ಮಗಳು ನಾನು. ನನಗೆ ಎಲ್ಲವೂ ಗೊತ್ತಿತ್ತು.

ಗುಡಿಸಲು ನೋಡಲು ಸಾಹೇಬರು ಬಂದರು. ಜೊತೆಗೆ ಬಂದ ಪಂಚಾಯ್ತಿ ಮೆಂಬರು ನಮ್ಮ ಚಿಕ್ಕಪ್ಪನೇ. ಅಪ್ಪನೂ ಬಂದು ನಿಂತರು. ನಾನು ಅರ್ಜಿ ಹಿಡಿದುಕೊಂಡಿದ್ದೆ. ಸಾಹೇಬರು ಬಗ್ಗಿ ಒಳಹೊಕ್ಕು ತಲೆ ಎತ್ತಿದರು.

"ಯಾರದಯ್ಯ ಇಷ್ಟು ಕಾಯಿ?"

ಚಿಕ್ಕಪ್ಪ ಕತ್ತು ಚಾಚಿದ. ಅಣ್ಣ ಅಪ್ಪನ ಕಡೆ ನೋಡಿದ. ಅಪ್ಪ ಗರಿಯ ಸೂರು ನೋಡುತ್ತಿದ್ದರು.

"ನಂದೇ ಬುದ್ದಿ" ಎಂದ ಅಣ್ಣ. "ನನ್ನೆಂಡ್ರ ತವರಿಂದು. ದಬ್ಬೇಘಟ್ಟದಾಗೆ ತೋಟದ ಪಾಲು ಬಂದೈತೆ."

ಅವನ ಹೆಂಡತಿ ಬಾಯಿ ತೆರೆದಳು. ಅವನು ಅವಳ ಕಡೆ ನೋಡಿದ ಮೇಲೆ ಮುಚ್ಚಿಕೊಂಡಳು. ತವರಿನಿಂದ ಅವಳಿಗೆ ಒಂದು ಹೊಂಬಾಳೆಯೂ ಬಂದಿರಲಿಲ್ಲ.

"ತೋಟಗಾರರಿಗೆಲ್ಲ ಈ ಮನೆ ಸಿಗಲ್ಲ" ಎಂದು ಸಾಹೇಬರು ನನ್ನ ಕೈಯಿಂದ ಅರ್ಜಿ ಇಸಿದುಕೊಂಡು, ನಾನು ಬರೆದ "ಇಲ್ಲ"ದ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ನನಗೂ ಬಾಯಿ ಇತ್ತು.

ಮಾರನೆಯ ದಿನ ಅಣ್ಣನ ಹತ್ತಿರ, "ನಾನೇ ಹೋಗಿ ನಿಜ ಹೇಳ್ತೀನಿ" ಎಂದೆ.

"ಬ್ಯಾಡ ಕಣವ್ವ. ಯಜಮಾನ್ರಿಗೆ ಮಾತು ಕೊಟ್ಟಿವ್ನಿ. ನಿನ್ ಮದ್ವೆ ಆಗೋಗ್ಲಿ, ಆಮ್ಯಾಕೆ ನೋಡನ."

ಅವನು ಬೇಡ ಎಂದದ್ದು ನನಗೆ ಎಷ್ಟು ಅನುಕೂಲವಾಯಿತೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಪ್ಪನಂತೂ "ಮುಂದಿನ ಪಟ್ಟೀಲಿ ಸೇರಿಸಿದರಾಯ್ತು ಬಿಡು" ಎಂದು ಊಟಕ್ಕೆ ಕೂತರು.

ಕಾಯಿ ಅಟ್ಟದ ಮೇಲೇ ಮಾಗಿತು. ಅವನೇ ಒಂದೊಂದನ್ನೂ ಅಲ್ಲಾಡಿಸಿ ನೋಡಿ ಸುಲಿದ. ಕೊಬ್ಬರಿ ತಿಪಟೂರಿಗೆ ಹೋಗಿ ನನ್ನ ಕೈಗೆ ನಾಲ್ಕು ಬಳೆ ಬಂದವು, ಮದುವೆಯೂ ಆಯಿತು. ಚಪ್ಪರಕ್ಕೆ ಗರಿ ಹೊದಿಸಿದವನೂ ಅವನೇ.

ಆ ವರ್ಷದ ಹಿಂಗಾರು ಮಳೆ ನಾಲ್ಕು ದಿನ ಬಿಡದೆ ಹಿಡಿಯಿತು. ಕಾಯಿ ಇಳಿಸಿದ್ದರೂ ಅದರ ಭಾರಕ್ಕೆ ಒಳಬಾಗಿದ್ದ ಗೋಡೆ ಮತ್ತೆ ನೆಟ್ಟಗಾಗಿರಲಿಲ್ಲ. ಮಧ್ಯಾಹ್ನ ಮುದ್ದೆ ಮುಂದಿಟ್ಟುಕೊಂಡು ಕೂತಿದ್ದವನ ಮೇಲೆ ಅಟ್ಟದ ಸಮೇತ ಬಿತ್ತು. ಹೆಂಡತಿ ನೀರಿಗೆ ಹೋಗಿದ್ದಳು, ಬರುವಷ್ಟರಲ್ಲಿ ಅವನಿರಲಿಲ್ಲ.

ಮನೆ ಬಿದ್ದವರಿಗೆ ಪಟ್ಟಿಯಲ್ಲಿ ಮೊದಲ ಜಾಗ ಎಂದರು. ನಾನು ತವರಿಗೆ ಬಂದಿದ್ದಾಗ ಅವಳು ಹೊಸ ಅರ್ಜಿ ಹಿಡಿದು ಬಂದಳು. ಜಗಲಿಯ ಮೇಲೆ ಕೂತು ನಾನು ಬರೆಯತೊಡಗಿದೆ. ಬರೆಯುವ ಕೈಯಲ್ಲಿ ಆ ಬಳೆಗಳು ಸದ್ದು ಮಾಡುತ್ತಿದ್ದವು. ಆಸ್ತಿ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

ಅವಳು ನನ್ನ ಬಳೆಗಳನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಈ ಸಲ ಅಟ್ಟ ಇಲ್ಲ ಅಂತ ಬರಿಯವ್ವ" ಎಂದಳು.