ಕಲ್ಯಾಣಿಯಮ್ಮನ ಅರ್ಕಾವೊತ್ತು

ಇವತ್ತು ಬೆಳಿಗ್ಗೆ ಮೈದಾನಕ್ಕೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆದದ್ದು ಪೇಂಟಿನ ವಾಸನೆ. ಬಾಸ್ಕೆಟ್‌ಬಾಲ್ ಕಂಬಕ್ಕೆ ಏಣಿ ಒರಗಿಸಿ ಪೇಂಟರ್ ಸದಾನಂದಣ್ಣ ಬೋರ್ಡು ಉಜ್ಜುತ್ತಿದ್ದರು. ಹಳೆಯ ಅಕ್ಷರಗಳು ಹುಡಿಯಾಗಿ ಉದುರುತ್ತಿದ್ದವು. ಆ ಕಡೆಯ ಬೋರ್ಡಿಗೆ ನಿನ್ನೆಯೇ ಬಿಳಿ ಬಳಿದು ಆಗಿತ್ತು. ನನ್ನ ಮುಖ ನೋಡಿ, "ಹೆದರಬೇಡಿ ಟೀಚರ್, ಎರಡಕ್ಕೂ ಹೆಸರು ಪುನಃ ಬರೀತೇನೆ" ಎಂದರು.

ಹೆದರಿದ್ದು ಹೆಸರಿಗಲ್ಲ. ನನ್ನ ಬ್ಯಾಗಿನಲ್ಲಿ ಮೂಡುಬಿದಿರೆಯ ಒಂದು ದೊಡ್ಡ ಕಾಲೇಜಿನ ಕಾಗದ ಉಂಟು. ಬರುವ ವರ್ಷದಿಂದ ಅಲ್ಲಿಯ ಹುಡುಗಿಯರ ತಂಡಕ್ಕೆ ನಾನು ಕೋಚ್. ಒಪ್ಪಿಗೆ ಹೇಳಿ ನಾಲ್ಕು ದಿನ ಆಯಿತು, ನನ್ನ ಹುಡುಗಿಯರಿಗೆ ಹೇಳಲಿಕ್ಕೆ ಮಾತ್ರ ಬಾಯಿ ಬರುವುದಿಲ್ಲ. ಹೇಗೆ ಬರಬೇಕು ಹೇಳಿ? ಪ್ರತಿವರ್ಷ ಹೊಸ ತಂಡವನ್ನು ಕೂರಿಸಿಕೊಂಡು "ಮೂಡುಬಿದಿರೆಗೆ ಓಡಿದ ಸರ್" ಎಂಬ ಕಥೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುವವಳು ನಾನೇ.

ಕಥೆ ನಿಮಗೂ ಹೇಳಿಬಿಡ್ತೇನೆ, ಇನ್ನು ಹೇಗೂ ಇಲ್ಲಿ ಹೇಳಲಿಕ್ಕಾಗುವುದಿಲ್ಲ.

ನಮ್ಮದು ಬಂಟ್ವಾಳ-ಬೆಳ್ತಂಗಡಿ ರಸ್ತೆಯಿಂದ ಸ್ವಲ್ಪ ಒಳಗಿನ ಸಣ್ಣ ಕಾಲೇಜು. ನಾನು ಇಲ್ಲೇ ಕಲಿತವಳು, ಈಗ ಇಲ್ಲೇ ಆಡಿಸುವವಳು. ನಮ್ಮ ಊರಿನಲ್ಲಿ ದಾನಿಗಳ ಹೆಸರಿಲ್ಲದ ವಸ್ತು ಸಿಗುವುದು ಕಷ್ಟ. ಫ್ಯಾನಿನ ರೆಕ್ಕೆಯಲ್ಲಿ ಹೆಸರು, ಗಡಿಯಾರದ ಒಳಗೆ ಹೆಸರು. ಗಂಟೆ ಎಷ್ಟಾಯಿತು ಎಂದು ನೋಡುವ ಮೊದಲು ಯಾರು ತೀರಿಹೋದರು ಎಂದು ಗೊತ್ತಾಗುತ್ತದೆ. ಹಾಗೆಯೇ ದುಬೈಯಲ್ಲಿದ್ದ ಒಬ್ಬರು ತಾಯಿಯ ನೆನಪಿಗೆ ಎರಡು ಬಾಸ್ಕೆಟ್‌ಬಾಲ್ ಕಂಬ ಕೊಟ್ಟಿದ್ದರು. ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಮೇಲಿನ ಸಾಲು "ಕಲ್ಯಾಣಿಯಮ್ಮ", ಕೆಳಗಿನ ಸಾಲು "ಸ್ಮರಣಾರ್ಥ". ಆ ಕಲ್ಯಾಣಿಯಮ್ಮ ಬದುಕಿದ್ದಾಗ ಅಂಗಳಕ್ಕೆ ಚೆಂಡು ಬಿದ್ದರೆ ಕತ್ತಿಯಿಂದ ಸೀಳಿ ಹಿಂದೆ ಕೊಡುತ್ತಿದ್ದರಂತೆ.

ಆಗ ನಮ್ಮನ್ನು ಆಡಿಸುತ್ತಿದ್ದವರು ಲೋಕೇಶ ಸರ್. ಮೂಡುಬಿದಿರೆ ಹತ್ತಿರದ ಬೆಳುವಾಯಿಯವರು, ಬಡಕಲು ಮೈ, ದೊಡ್ಡ ಸ್ವರ. ಬೋರ್ಡಿನಲ್ಲಿ ಗುರಿಯ ಚೌಕ ಎಳೆಯಲಿಕ್ಕೆ ಆಡಳಿತ ಮಂಡಳಿ ಬಿಡಲಿಲ್ಲ, ಹೆಸರಿಗೆ ಅಡ್ಡ ಬರ್ತದೆ ಎಂದು. ಸರ್ ಅದಕ್ಕೂ ದಾರಿ ಮಾಡಿದರು. "ಎಡದಿಂದ ಬಂದವರು 'ಸ್ಮ'ಕ್ಕೆ ಹೊಡೀರಿ. ಬಲದಿಂದ ಬಂದವರು 'ರ್ಥ'ದ ಅರ್ಕಾವೊತ್ತಿಗೆ. ನಡುವಿನ 'ರ' ಮುಟ್ಟಿದ್ರೆ ಹತ್ತು ಸುತ್ತು ಓಟ." ನಂಬಿ, ಅಲ್ಲಿ ಬಡಿದ ಚೆಂಡು ಸರಾಗ ರಿಂಗಿನ ಒಳಗೆ ಹೋಗುತ್ತಿತ್ತು. ಅಕ್ಷರ ಕಲಿಯುವ ವಯಸ್ಸು ದಾಟಿದ ಮೇಲೆ ನಾವು ಎರಡನೆಯ ಸಲ ಅಕ್ಷರ ಕಲಿತೆವು. ಕನ್ನಡದಲ್ಲಿ ಪ್ರತಿಸಲ ಫೇಲಾಗುತ್ತಿದ್ದ ಜೆಸಿಂತಾ ಅರ್ಕಾವೊತ್ತಿನಲ್ಲಿ ಮಾತ್ರ ತಪ್ಪುತ್ತಿರಲಿಲ್ಲ.

ನಾವು ಸುತ್ತಮುತ್ತಲಿನ ಕಾಲೇಜುಗಳನ್ನು ನಮ್ಮ ಮೈದಾನಕ್ಕೆ ಕರೆದು ಕರೆದು ಸೋಲಿಸಿದೆವು. ಹೆಸರು ಮೂಡುಬಿದಿರೆಯವರೆಗೆ ಹೋಯಿತು. ಒಂದು ಸಂಜೆ ಸರ್ ನಮ್ಮನ್ನೆಲ್ಲ ಪುಂಜಾಲಕಟ್ಟೆಯ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸಿದರು. ಅಲ್ಲಿಯವರೆಗೆ ನೀರು ಬಿಟ್ಟರೆ ಬೇರೇನೂ ಕುಡಿಸದ ಮನುಷ್ಯ. ಎರಡನೆಯ ಪ್ಲೇಟು ಬಂದಾಗಲೇ ಜೆಸಿಂತಾ ನನ್ನ ಕಾಲು ಒತ್ತಿದಳು.

"ನಾನು ಮೂಡುಬಿದಿರೆಗೆ ಹೋಗ್ತೇನೆ ಮಕ್ಕಳೇ. ಮನೆ ಹತ್ತಿರ ಆಗ್ತದೆ."

"ನಿಮ್ಮ ಮನೆ ಮೊದಲಿಂದಲೂ ಅಲ್ಲೇ ಉಂಟಲ್ಲ ಸರ್?" ಎಂದಳು ಜೆಸಿಂತಾ.

ಸರ್ ಚಟ್ನಿ ನೋಡುತ್ತಾ ಕೂತರು. ಅಲ್ಲಿ ಒಳಾಂಗಣ ಕ್ರೀಡಾಂಗಣ ಉಂಟು, ಹಾಸ್ಟೆಲ್ ಉಂಟು, ಆಟಗಾರರಿಗೆ ದಿನಕ್ಕೆ ಎರಡು ಮೊಟ್ಟೆ ಉಂಟು ಎಂದು ಆಮೇಲೆ ಗೊತ್ತಾಯಿತು. ನಮಗೆ ಜಾಸ್ತಿ ಉರಿದದ್ದು ಮೊಟ್ಟೆಗೆ. ಸರ್ ನಮ್ಮನ್ನು ಬಿಟ್ಟದ್ದು ಮೊಟ್ಟೆಗೆ ಎಂದೇ ಊರಿಡೀ ಹೇಳಿಕೊಂಡು ಬಂದೆವು. ಅವರು ತಿನ್ನುವುದಿಲ್ಲ ಎಂಬುದು ಗೊತ್ತಿದ್ದೂ.

ಮುಂದಿನ ವರ್ಷ ನಮಗೆ ಅವರ ಹೊಸ ತಂಡದ ಮೇಲೆಯೇ ಆಟ ಬಿತ್ತು, ಮೂಡುಬಿದಿರೆಯಲ್ಲೇ. ಸೇಡು ತೀರಿಸಲಿಕ್ಕೆ ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದೆವು. ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ಗಾಜಿನ ಬೋರ್ಡು. ಅದರಲ್ಲಿ ಒಂದು ಚೌಕವೇನೋ ಇತ್ತು, ಆದರೆ ನಮಗೆ ಚೌಕ ಓದಲಿಕ್ಕೆ ಬರುವುದಿಲ್ಲವಲ್ಲ! ಕಲ್ಯಾಣಿಯಮ್ಮನೂ ಇಲ್ಲ, ಸ್ಮರಣೆಯೂ ಇಲ್ಲ. ಚೆಂಡು ಬೇಕಾದಲ್ಲಿ ಬಡಿದು ಬೇಡವಾದಲ್ಲಿ ಹೋಗತೊಡಗಿತು. ಅರ್ಧ ಆಟ ಮುಗಿಯುವಾಗ ನಮ್ಮದು ಎರಡೇ ಅಂಕ, ಅದೂ ಜೆಸಿಂತಾ ಕಣ್ಣುಮುಚ್ಚಿ ಎಸೆದದ್ದು. ಬಸ್ಸಿನಲ್ಲಿ ಬರುವಾಗ ಎಲ್ಲರೂ ಅತ್ತೆವು.

ಹುಡುಗಿಯರಿಗೆ ನಾನು ಕಥೆ ನಿಲ್ಲಿಸುವುದು ಇಲ್ಲಿಗೆ. ಅವರು ಸರ್‌ಗೆ ಚೆನ್ನಾಗಿ ಬೈಯುತ್ತಾರೆ, ನನಗೂ ತಂಪಾಗುತ್ತದೆ. ಆದರೆ ಮಧ್ಯದ ಒಂದು ಸಂಗತಿಯನ್ನು ನಾನು ಪ್ರತಿಸಲ ನುಂಗುತ್ತೇನೆ.

ಅರ್ಧ ಆಟದ ಬಿಡುವಿನಲ್ಲಿ ಲೋಕೇಶ ಸರ್ ನೆಲ ಒರಸುವ ಉದ್ದ ಕೋಲು ಹಿಡಿದುಕೊಂಡು ನಾವು ಇನ್ನು ಹೊಡೆಯಬೇಕಾದ ಬೋರ್ಡಿನ ಕೆಳಗೆ ಹೋದರು. ಗಾಜು ಒರಸಿದರು. ರೆಫರಿ ಕೇಳಿದ್ದಕ್ಕೆ, "ಕೊಳೆ ಉಂಟು ಮಾರಾಯ್ರೆ" ಎಂದರು. ಒರಸಿ ಆದ ಮೇಲೆ ನೋಡಿದರೆ ಫಳಫಳ ಇದ್ದ ಗಾಜಿನಲ್ಲಿ ಎರಡು ಕಡೆ ಬಿಳಿ ಕಲೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಕೋಲಿನ ಬಟ್ಟೆಗೆ ಚಾಕ್ ಹುಡಿ ಮೆತ್ತಿಕೊಂಡು ಬಂದಿದ್ದರು. "ಸರ್ ಅರ್ಕಾವೊತ್ತು ಹಾಕಿದ್ದಾರೆ ಮಾರಾಯ್ತಿ" ಎಂದಳು ಜೆಸಿಂತಾ. ಆಮೇಲೆ ನಾವು ಹೊಡೆದ ಚೆಂಡುಗಳು ಒಳಗೆ ಹೋದವು. ಸೋತೆವು, ಆದರೆ ಮಾನ ಉಳಿಯಿತು. ತನ್ನ ಬೆಂಚಿನಲ್ಲಿ ಕೂತು ಸರ್ ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ. ಬಸ್ಸಿನಲ್ಲಿ ಅತ್ತದ್ದು ಸೋತದ್ದಕ್ಕೆ ಅಲ್ಲ.

ಇದನ್ನು ಹೇಳಿದರೆ ಸರ್ ಒಳ್ಳೆಯವರಾಗುತ್ತಾರೆ, ಆಮೇಲೆ ಕಥೆಯಲ್ಲಿ ನಗು ಎಲ್ಲಿಂದ ತರುವುದು?

"ಸದಾನಂದಣ್ಣ, ಇದಕ್ಕೆ ಮಾತ್ರ ಹೆಸರು ಬರೀರಿ. ಆ ಕಡೆಯದ್ದು ಬರೀ ಬಿಳಿ ಇರಲಿ" ಎಂದೆ. ಸರ್ ನಮಗೆ ಅಕ್ಷರ ಇಲ್ಲದ ಬೋರ್ಡಿಗೆ ಹೊಡೆಯಲಿಕ್ಕೆ ಕಲಿಸಿರಲಿಲ್ಲ. ಹತ್ತು ವರ್ಷದಿಂದ ನಾನೂ ಕಲಿಸಿಲ್ಲ.

"ಒಂದೇ ಕಡೆ ಬರೆದ್ರೆ ದಾನಿಗಳ ಮನೆಯವರು ಬೈಯುವುದಿಲ್ವಾ?"

"ಬೈದ್ರೆ ನಾನು ಬೈಸಿಕೊಳ್ತೇನೆ. ಮೇ ತಿಂಗಳವರೆಗೆ ಇಲ್ಲೇ ಇರ್ತೇನಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹಿಂದೆ ಹುಡುಗಿಯರು ಚೆಂಡು ಬಡಿಯುತ್ತಿದ್ದ ಶಬ್ದ ನಿಂತಿತ್ತು. ತಂಡದ ಕ್ಯಾಪ್ಟನ್ ದೀಕ್ಷಾ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಮೇ ಆದ ಮೇಲೆ ಎಲ್ಲಿಗೆ ಮೇಡಂ?"

"ಮೂಡುಬಿದಿರೆಗೆ."

"ನಿಮಗೆ ಮನೆ ಹತ್ತಿರ ಆಗ್ತದಾ?"

ನನ್ನ ಕಥೆ ನನಗೇ ತಿರುಗಿಬಿತ್ತು. "ಇಲ್ಲ, ದೂರ ಆಗ್ತದೆ" ಎಂದೆ. "ದೊಡ್ಡ ತಂಡ ಆಡಿಸುವ ಆಸೆ ಉಂಟು ದೀಕ್ಷಾ. ನಿಮ್ಮನ್ನು ಬಿಟ್ಟು ಹೋಗಲಿಕ್ಕೆ ದುಃಖವೂ ಉಂಟು. ಎರಡೂ ನಿಜ."

ಉಳಿದ ಹುಡುಗಿಯರೂ ಬಂದು ಸುತ್ತ ನಿಂತರು. ಇಷ್ಟು ವರ್ಷ ನುಂಗಿದ್ದ ಚಾಕ್ ಹುಡಿಯ ಸಂಗತಿಯನ್ನು ಅಲ್ಲೇ, ಏಣಿಯ ಬುಡದಲ್ಲಿ ನಿಂತು ಹೇಳಿದೆ. ಯಾರೂ ನಗಲಿಲ್ಲ.

ದೀಕ್ಷಾ ಮೂಗು ಒರಸಿಕೊಂಡಳು. "ನಮ್ಮ ಮೇಲೆ ಆಟ ಬಿದ್ದಾಗ ನೀವು ಗಾಜು ಒರಸಲಿಕ್ಕೆ ಬರಬೇಡಿ ಮೇಡಂ."

"ಯಾಕೆ?"

"ನಮಗೆ ಬೇಕಾಗುವುದಿಲ್ಲ" ಎಂದು ಬಿಳಿ ಬೋರ್ಡಿನ ಕಡೆ ಓಡಿದಳು. ಮೊದಲನೆಯ ಚೆಂಡು ರಿಂಗಿಗೂ ತಾಗಲಿಲ್ಲ. ತಿರುಗಿ ನಿಂತು ಕರೆದಳು, "ಮೇವರೆಗೆ ನಮ್ಮವರೇ ಅಲ್ವಾ? ಬನ್ನಿ, ಕಲಿಸಿ."