ಅಮ್ಮನ ತಟ್ಟೆ ಆರಿಹೋಯಿತು

ಗೆಳೆಯರೇ, ಶಿಕಾರಿಪುರದಲ್ಲಿ ಹೊಸದಾಗಿ ತೆರೆದಿರುವ ಆ ದುಬಾರಿ ಇಟಾಲಿಯನ್ ಹೋಟೆಲಿಗೆ ಇವತ್ತು ಮಧ್ಯಾಹ್ನ ಹೋಗಿದ್ದೆವು. ನಾನು, ಹೆಂಡತಿ ಸುಮಾ, ಅಮ್ಮ. ಸೊರಬದ ಹತ್ತಿರದ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಅಮ್ಮ ನಿನ್ನೆ ನಿವೃತ್ತಳಾದಳು. ಒಂದು ದಿನವಾದರೂ ಅವಳು ಕೂತು ಉಣ್ಣಲಿ, ಬೇರೆಯವರು ಬಡಿಸಲಿ ಎಂಬುದು ನನ್ನಾಸೆ.

ಮೊದಲು ಅಮ್ಮನ ಪಾಸ್ತಾ ಹಬೆಯಾಡುತ್ತಾ ಬಂತು. ಅವಳು ಮುಟ್ಟಲಿಲ್ಲ.

"ಎಲ್ರಿಗೂ ಬರ್ಲಿ, ತಡಿ."

ಅವಳ ಶಾಲೆಯಲ್ಲಿ ಕೊನೆಯ ಮಗುವಿನ ತಟ್ಟೆಗೆ ಸಾರು ಬೀಳುವವರೆಗೆ ಯಾರೂ ತುತ್ತೆತ್ತುವಂತಿರಲಿಲ್ಲ. ಕಾಲು ಗಂಟೆ ಬಿಟ್ಟು ಸುಮಾಳ ತಟ್ಟೆ ಬಂತು. ನನ್ನದು ಬರಲು ಮತ್ತೆ ಅರ್ಧ ಗಂಟೆ ಹಿಡಿಯಿತು. ಬಡಿಸಬೇಕಾದ ಐವರು ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದರು.

"ಅಮ್ಮಂದು ಸ್ವಲ್ಪ ಬಿಸಿ ಮಾಡಿಕೊಡ್ರೀ" ಎಂದೆ.

ಮ್ಯಾನೇಜರ್ ನಕ್ಕ. "ಬಂದ ತಕ್ಷಣ ತಿನ್ಬೇಕು ಸರ್. ಇದೇನು ಪಂಕ್ತಿ ಊಟ ಅಲ್ಲ."

ಅಮ್ಮ ಆರಿದ್ದನ್ನೇ ತಿಂದಳು. ಆರಿದರೂ ರುಚಿ ಅದ್ಭುತವಾಗಿತ್ತು, ಸುಳ್ಳು ಹೇಳಬಾರದು. ಕೈತೊಳೆದು ಬಂದು ಅವಳೇ ಅವನಿಗೆ ಹೇಳಿದಳು: "ಅಡಿಗಿ ಮಾಡಿದೋರ ಕೈ ಚಲೋ ಐತಪ್ಪಾ. ನಾವು ಇಬ್ರೇ ಹೆಂಗಸ್ರು ಎಂಬತ್ತು ಮಕ್ಕಳಿಗೆ ಬಡಿಸ್ತಿದ್ವಿ. ಒಂದು ಮಗೂಗೂ ಆರಿದ್ದು ಹಾಕ್ಲಿಲ್ಲ."

ಅವನು ಮುಖ ತಿರುಗಿಸಿಕೊಂಡು ಹೋದ.

ಹೋಟೆಲಿನವರು ಇದನ್ನು ಓದುತ್ತಿದ್ದರೆ ಕೇಳಿ: ಬಡಿಸುವುದನ್ನು ಕಲಿಯಬೇಕೆನಿಸಿದರೆ ನಮ್ಮ ಮನೆಗೆ ಬನ್ನಿ. ಅಮ್ಮ ಈಗ ಬಿಡುವಾಗಿದ್ದಾಳೆ. ಐವರೂ ಸಾಲಾಗಿ ಕೂರಬೇಕು, ಕೊನೆಯವನ ತಟ್ಟೆ ತುಂಬುವವರೆಗೆ ಕೈ ಹಾಕುವಂತಿಲ್ಲ.